ಪಾಕೀಟು ಬೇರೆ, ಔಷಧಿ ಅದೇ

ಕಳೆದ ಮುಂಗಾರಿನಲ್ಲಿ ಭಾಲ್ಕಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಸೋಯಾ ಗೇಣುದ್ದ ಬಂದಿತ್ತು. ನಡುನಡುವೆ ಕೆಲವು ಗಿಡ ಸೊರಗಿ ನಿಂತಿದ್ದವು. ಒಂದನ್ನು ಕಿತ್ತು ನೋಡಿದೆ. ಬುಡಕ್ಕೆ ಹತ್ತಿಯ ಎಳೆಯಂಥ ಬಿಳಿ ಬೂಸ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಸ್ಕ್ಲೆರೋಶಿಯಂ ಶಿಲೀಂಧ್ರ. ಆ ಗುಂಡುಗಳು ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ.

"ಹೋದ ವರ್ಷ ಬೀಜಕ್ಕ ಒಂದು ಔಷಧ, ಈ ವರ್ಷ ಬ್ಯಾರೆ. ಎರಡೂ ಹತ್ತಲಿಲ್ಲ ನೋಡು" ಅಂದರು ಕಾಕಾ. ಪಾಕೀಟು ತರಿಸಿ ನೋಡಿದೆ. ಕಂಪನಿ ಬೇರೆ, ಬಣ್ಣ ಬೇರೆ. ಸಣ್ಣಕ್ಷರದಲ್ಲಿ ಎರಡರ ಮೇಲೂ ಒಂದೇ ಶಿಲೀಂಧ್ರನಾಶಕದ ಹೆಸರು, ಕಾರ್ಬೆಂಡಾಜಿಮ್! ಅಂಗಡಿಯವನು ಹೊಸದು ಅಂತಲೇ ಕೊಟ್ಟಿದ್ದನಂತೆ.

ಕಾರ್ಬೆಂಡಾಜಿಮ್ ಬೇರು ಕೊಳೆಸುವ ಫ್ಯುಸೇರಿಯಂ ಶಿಲೀಂಧ್ರಕ್ಕೆ ಆಗುತ್ತದೆ, ಸ್ಕ್ಲೆರೋಶಿಯಂಗೆ ಅಷ್ಟಕ್ಕಷ್ಟೆ. ಮೊಳಕೆ ಕೊಳೆಸುವ ಪಿಥಿಯಂಗಂತೂ ಏನೂ ಆಗಲ್ಲ. ಅದಕ್ಕೆ ಮೆಟಲಾಕ್ಸಿಲ್ ಅನ್ನುವ ಬೇರೆ ಔಷಧಿ ಬೇಕು, ಆದರೆ ಮೆಟಲಾಕ್ಸಿಲ್ ಉಳಿದವುಗಳ ತಂಟೆಗೇ ಹೋಗಲ್ಲ.

ನಾನಿರುವುದು ಅಮೆರಿಕದ ಅಯೋವಾದಲ್ಲಿ. ಯಾವ ಔಷಧಿ ಯಾವ ಶಿಲೀಂಧ್ರಕ್ಕೆ ಆಗುತ್ತದೆ ಅಂತ ನೋಡುವುದೇ ಲ್ಯಾಬಿನಲ್ಲಿ ನನ್ನ ಕೆಲಸ. ರೋಗದ ಗಿಡದಿಂದ ಶಿಲೀಂಧ್ರ ಬೆಳೆಸಿ, ಔಷಧಿ ಬೆರೆಸಿದ ಅಗಾರ್ (ಶಿಲೀಂಧ್ರ ಬೆಳೆಸುವ ಜೆಲ್ಲಿ) ತಟ್ಟೆಯ ನಡುವೆ ಅದರ 5 ಮಿಲಿಮೀಟರ್ ಬಿಲ್ಲೆ ಇಡುತ್ತೇವೆ. ಪಕ್ಕದಲ್ಲಿ ಔಷಧಿ ಇಲ್ಲದ ತಟ್ಟೆ. ಕೆಲವು ದಿನ ಬಿಟ್ಟು ಸ್ಕೇಲ್ ಹಿಡಿದು ಅಳೆಯುವುದು. ಬೆಳವಣಿಗೆ ಅರ್ಧಕ್ಕೆ ಇಳಿಯಲು ಎಷ್ಟು ಔಷಧಿ ಬೇಕಾಯಿತೋ ಅದೇ ಇಸಿ 50. ಒಂದೇ ಔಷಧಿಗೆ ಈ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಶಿಲೀಂಧ್ರ ಅದಕ್ಕೆ ಒಗ್ಗಿಬಿಟ್ಟಿದೆ, ಔಷಧಿ ನಾಟುತ್ತಿಲ್ಲ ಅಂತ ಲೆಕ್ಕ.

ಹಾಗಂತ ಇಲ್ಲಿನವರೆಲ್ಲ ಜಾಣರೇನಲ್ಲ. ಎಷ್ಟೋ ಬೀಜ ಮೂರ್ನಾಲ್ಕು ಔಷಧಿ ಬಳಿದುಕೊಂಡೇ ಚೀಲದಲ್ಲಿ ಬರುತ್ತದೆ. ಹೊಲಕ್ಕೆ ಬೇಕೋ ಬೇಡವೋ, ಸುಮ್ನೆ ಬಿತ್ತುತ್ತಾರೆ. ಇದಕ್ಕಿಂತ ತಾಡಪತ್ರಿ ಮೇಲೆ ಬೀಜ ಸುರಿದು, ಮೊದಲು ಶಿಲೀಂಧ್ರನಾಶಕ, ಕೊನೆಗೆ ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ ರೈಜೋಬಿಯಂ ಹಚ್ಚಿ ನೆರಳಲ್ಲಿ ಆರಿಸುವ ನಮ್ಮ ಕಾಕಾನ ರೀತಿಯೇ ನನಗೆ ಇಷ್ಟ. ಯಾವುದು ಹಚ್ಚಬೇಕು ಅನ್ನೋದು ಇನ್ನೂ ಅವರ ಕೈಯಲ್ಲೇ ಇದೆ, ಅಲ್ವಾ? ಇಲ್ಲದಿರುವುದು ಆ ತಟ್ಟೆಯ ಲೆಕ್ಕ ಮಾತ್ರ. ಅದಕ್ಕೇನೂ ಜಾಸ್ತಿ ಖರ್ಚಿಲ್ಲ. ಕಿತ್ತ ಗಿಡವನ್ನು ಮಣ್ಣಿನ ಸಮೇತ ಅಂಗಡಿಯ ಬದಲು ಬೀದರ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದರೆ, ಯಾವ ಶಿಲೀಂಧ್ರ ಅಂತಾದರೂ ಗೊತ್ತಾಗುತ್ತದೆ.

ಈ ಸಲ ಬಿತ್ತನೆಗೆ ಮುಂಚೆ ಕಾರ್ಬಾಕ್ಸಿನ್ ಮತ್ತು ಥೈರಮ್ ಅನ್ನುವ ಬೇರೆ ಎರಡು ಶಿಲೀಂಧ್ರನಾಶಕ ಸೇರಿದ ಪುಡಿ ಕೇಳಿ ತನ್ನಿ ಅಂದಿದ್ದೆ. ಮೊನ್ನೆ ಅಂಗಡಿಯಿಂದಲೇ ಕಾಕಾ ಫೋನ್ ಮಾಡಿದರು. "ಕಾರ್ಬ ಅಂತ ಅದ. ಮುಂದಿಂದು ಕಾಣವಲ್ದು." ಫೋಟೋ ಕಳಿಸಿ ಅಂದೆ. ಮತ್ತೆ ಅದೇ ಕಾರ್ಬೆಂಡಾಜಿಮ್.