ವಿಶ್ರಾಂತಿ ದಿನದ ಐದು-ಆರು-ಏಳು

ಯುರೋಪ್ ಗ್ರೂಪ್ ಟೂರಿನ ಪಟ್ಟಿಯಲ್ಲಿ ‘ವಿಶ್ರಾಂತಿ ದಿನ’ ಅಂತ ಇದ್ದರೆ ಅದನ್ನು ಪೆನ್ಸಿಲ್ಲಿನಲ್ಲಿ ಬರೆದದ್ದು ಎಂದೇ ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಲೂಸರ್ನ್ ಆಸುಪಾಸಿನ ಹೋಟೆಲು, ರಾತ್ರಿ ಒಂಬತ್ತೂವರೆ. ಅರ್ಧ ತಂಡ ಬಚ್ಚಲಲ್ಲಿ ಬನಿಯನ್ ಹಿಂಡುತ್ತಿರುವಾಗ ವಾಟ್ಸಾಪ್ ಗುಂಪಿಗೆ ಟೂರ್ ಮ್ಯಾನೇಜರ್ ಸಂದೇಶ ಬೀಳುತ್ತದೆ: ‘ನಾಳೆ ಯುಂಗ್‌ಫ್ರೌ. ಐದು-ಆರು-ಏಳು.’ ಯುಂಗ್‌ಫ್ರೌ ಎಂದರೆ ಆಲ್ಪ್ಸ್‌ನ ಹಿಮಬೆಟ್ಟ; ಐದು-ಆರು-ಏಳು ಎಂದರೆ ಐದಕ್ಕೆ ಏಳುವುದು, ಆರಕ್ಕೆ ತಿಂಡಿ, ಏಳಕ್ಕೆ ಬಸ್ಸು. ಗ್ರೂಪ್ ಟೂರಿನ ಪಂಚಾಂಗದಲ್ಲಿ ಇದಕ್ಕಿಂತ ಹೆಚ್ಚಿನ ವಿವರ ಇರುವುದಿಲ್ಲ.

ಮ್ಯಾನೇಜರನ್ನು ಬೈದು ಪ್ರಯೋಜನವಿಲ್ಲ. ಬೆಟ್ಟದ ಮೇಲಿನ ಕ್ಯಾಮೆರಾದ ನೇರ ಚಿತ್ರವನ್ನೂ ಹವಾಮಾನ ಮುನ್ಸೂಚನೆಯನ್ನೂ ನೋಡಿ, ನಾಡಿದ್ದು ಮೋಡ, ನಾಳೆ ಬಿಸಿಲು ಎಂದು ದಿನ ಅದಲುಬದಲು ಮಾಡುವವನೇ ಕೆಲಸ ಗೊತ್ತಿರುವ ಮ್ಯಾನೇಜರ್. ಮೋಡ ಕವಿದ ದಿನ 3,454 ಮೀಟರ್ ಹತ್ತಿದರೆ ಕಾಣುವುದು ಜುಲೈ ತಿಂಗಳ ಆಗುಂಬೆಯೇ. ದುಡ್ಡು ಮಾತ್ರ ಫ್ರಾಂಕಿನಲ್ಲಿ.

ಹೋಟೆಲಿನ ಅಡುಗೆಮನೆ ಅಷ್ಟು ಬೇಗ ಕಣ್ಣು ಬಿಡುವುದಿಲ್ಲ. ಹಾಗಾಗಿ ಆರರ ತಿಂಡಿಯೆಂದರೆ ಒಂದು ಕಾಗದದ ಚೀಲ: ಸೇಬು, ಹಲ್ಲಿಗೆ ಸವಾಲೆಸೆಯುವ ಬನ್ನು, ಬೆಣ್ಣೆಯ ಪುಟ್ಟ ಚೌಕ, ಚಮಚವಿಲ್ಲದ ಮೊಸರು. ತಂಡದ ಹಿರಿಯರು ಇದನ್ನು ನಂಬಿಕೊಂಡು ವಿಮಾನ ಹತ್ತಿದವರಲ್ಲ. ಬಸ್ಸು ಹೊರಟು ಹತ್ತು ನಿಮಿಷಕ್ಕೆ ಹಿಂದಿನ ಸೀಟಿನಿಂದ ಚಟ್ನಿಪುಡಿಯ ಘಮ ಏಳುತ್ತದೆ. ಬಸ್ಸಿನೊಳಗೆ ತಿನ್ನಬಾರದೆಂಬುದು ಡ್ರೈವರ ಕಟ್ಟಾಜ್ಞೆ. ಕನ್ನಡಿಯಲ್ಲಿ ಅವರ ಹುಬ್ಬು ಮೇಲೇರುವಷ್ಟರಲ್ಲಿ ಒಂದು ಕೋಡುಬಳೆ ಕೈಯಿಂದ ಕೈಗೆ ದಾಟಿ ಸ್ಟೀರಿಂಗ್ ತಲುಪಿರುತ್ತದೆ.

ಬಟ್ಟೆಯ ಕಷ್ಟ ಬೇರೆ. ಮೇಲೆ ಸೊನ್ನೆ ಡಿಗ್ರಿಯಂತೆ ಎಂದು ಕೇಳಿದವರು ಥರ್ಮಲ್, ಸ್ವೆಟರ್, ಜಾಕೆಟ್, ಮಂಕಿ ಟೋಪಿ ಎಲ್ಲವನ್ನೂ ಹೋಟೆಲಿನಲ್ಲೇ ಏರಿಸಿಕೊಂಡು ಬಂದಿರುತ್ತಾರೆ. ಬ್ರೂನಿಗ್ ಘಾಟಿ ದಾಟುವ ಹೊತ್ತಿಗೆ ಬಸ್ಸಿನ ಬಿಸಿಗೆ ಬೆವರಿ ಬನಿಯನ್ ಒದ್ದೆ. ಒದ್ದೆ ಬನಿಯನ್ನಿನ ಮೇಲೆ ಎಷ್ಟು ಸ್ವೆಟರ್ ಹೊದ್ದರೂ ಚಳಿ ಬಿಡದು. ಥರ್ಮಲ್ ಪ್ಯಾಂಟ್ ಒಂದನ್ನು ಮೊದಲೇ ಹಾಕಿಕೊಂಡು (ದಾರಿಯಲ್ಲಿ ಬದಲಿಸಲು ಮರೆಯಿಲ್ಲ), ಉಳಿದದ್ದನ್ನು ಕೈಯಲ್ಲಿ ಹಿಡಿದು ಹೋಗುವುದು ಸರಿ. ಸಾಕ್ಸ್ ಮೇಲೆ ಚಪ್ಪಲಿ ಹಾಕಿಕೊಂಡು ಬಂದವರ ವಿಷಯ ಮುಂದೆ ಬರುತ್ತದೆ.

ಗ್ರಿಂಡೆಲ್‌ವಾಲ್ಡ್ ಟರ್ಮಿನಲ್ಲಿನಿಂದ ‘ಐಗರ್ ಎಕ್ಸ್‌ಪ್ರೆಸ್’ ಕೇಬಲ್ ಕಾರು. 2020ರ ಡಿಸೆಂಬರಿನಲ್ಲಿ ಶುರುವಾದದ್ದು. ಐಗರ್‌ಗ್ಲೆಚರ್ ನಿಲ್ದಾಣಕ್ಕೆ 15 ನಿಮಿಷ. ಒಂದು ಡಬ್ಬಿಗೆ 26 ಸೀಟು, ತಂಡದಲ್ಲಿ 44 ಜನ. ಎಣಿಸಿ ಹತ್ತಿಸುವಾಗ ಇಪ್ಪತ್ತಾರನೆಯವರು ಗಂಡ, ಇಪ್ಪತ್ತೇಳನೆಯವರು ಹೆಂಡತಿ ಆಗಿಯೇ ಆಗುತ್ತಾರೆ. ‘ರೀ, ಮಾತ್ರೆ ಡಬ್ಬಿ ನಿಮ್ಮ ಹತ್ರಾನೇ ಇದೆಯಲ್ರೀ’ ಎಂಬ ಕೂಗು ಬಾಗಿಲು ಮುಚ್ಚಿದ ಮೇಲೆ ಗಾಜಿನಾಚೆ ಬರೀ ತುಟಿಯಾಡಿದಂತೆ ಕಾಣುತ್ತದೆ.

ಅಲ್ಲಿಂದ ಮುಂದಕ್ಕೆ ಹಲ್ಲುಗಾಲಿಯ ರೈಲು. ಬಂಡೆ ಕೊರೆದು ಹದಿನಾರು ವರ್ಷ ದುಡಿದು 1912ರಲ್ಲಿ ಮುಗಿಸಿದ ದಾರಿ. ನಡುವೆ ಸುರಂಗದೊಳಗಿನ ಐಸ್ಮೇರ್ ನಿಲ್ದಾಣದಲ್ಲಿ ಐದು ನಿಮಿಷ ನಿಲ್ಲುತ್ತದೆ. ನಲವತ್ತನಾಲ್ಕು ಜನ ಇಳಿದು ಕಿಟಕಿ ಮುಟ್ಟುವುದಕ್ಕೆ ಮೂರು ನಿಮಿಷ, ವಾಪಸ್ ಹತ್ತುವುದಕ್ಕೆ ಎರಡು. ಹಿಮನದಿಯನ್ನು ನೋಡಬೇಕಾದರೆ ಫೋಟೊ ಬಿಡಬೇಕು, ಯಾರೂ ಬಿಡುವುದಿಲ್ಲ.

ದಣಿವಿನ ಮೂಲ ಈ ವೇಗದಲ್ಲೇ ಇದೆ. ಸುಮಾರು ಮುಕ್ಕಾಲು ಗಂಟೆಯಲ್ಲಿ ಎರಡೂವರೆ ಸಾವಿರ ಮೀಟರ್ ಏರಿರುತ್ತೇವೆ, ಅಂದರೆ ಮುಳ್ಳಯ್ಯನಗಿರಿಯ ಒಟ್ಟು ಎತ್ತರಕ್ಕಿಂತ ಹೆಚ್ಚು. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲು. ಕಾಲು ಇನ್ನೂ ಲೂಸರ್ನಿನ ಲೆಕ್ಕದಲ್ಲೇ ನಡೆಯುತ್ತಿರುತ್ತದೆ. ರೈಲಿಳಿದು ‘ನಾನು ದಿನಾ ಲಾಲ್‌ಬಾಗಿನಲ್ಲಿ ಮೂರು ಸುತ್ತು ಹಾಕ್ತೀನಿ’ ಎಂದು ಮುಂದೆ ಓಡಿದ ಅಂಕಲ್ಲೇ ಮೊದಲು ಗೋಡೆ ಹಿಡಿದು ನಿಲ್ಲುವುದು. ಮೊದಲ ಅರ್ಧ ಗಂಟೆ ಮದುವೆ ಮೆರವಣಿಗೆಯ ನಡಿಗೆ, ಗುಟುಕು ಗುಟುಕಾಗಿ ನೀರು. ತಲೆಸುತ್ತಿದರೆ ಕೂರಬೇಕು, ಕೂತರೂ ಕಡಿಮೆಯಾಗದಿದ್ದರೆ ಮುಂದಿನ ರೈಲಿಗೆ ಇಳಿಯುವುದೊಂದೇ ಮದ್ದು. ಸ್ಫಿಂಕ್ಸ್ ವೀಕ್ಷಣಾಲಯಕ್ಕೆ ಲಿಫ್ಟು 108 ಮೀಟರ್ ಏರುತ್ತದೆ. ಆ ಸಂಖ್ಯೆ ಕೇಳಿ ಕೈಮುಗಿಯುವವರೂ ಉಂಟು, ಆಂಬುಲೆನ್ಸ್ ನೆನೆಯುವವರೂ ಉಂಟು.

ಗಾಳಿಯ ಇದೇ ಕಡಿಮೆ ಒತ್ತಡ ಕುರುಕಲು ಚೀಲದಲ್ಲೂ ಕೈಯಾಡಿಸುತ್ತದೆ. ಘಟ್ಟ ಹತ್ತಿ ಮಡಿಕೇರಿ ತಲುಪುವಾಗ ಮಂಗಳೂರಿನ ಚಿಪ್ಸ್ ಪ್ಯಾಕೆಟ್ಟು ಉಬ್ಬುವುದನ್ನು ಕಂಡವರು ಇಲ್ಲಿ ಅದರ ಮೂರು ಪಟ್ಟು ಎತ್ತರ ಎಂದು ನೆನಪಿಡಿ. ಬೆಂಗಳೂರಿನಲ್ಲಿ ಸೀಲ್ ಮಾಡಿದ ಪ್ಯಾಕೆಟ್ಟು ಒಂಬೈನೂರು ಮೀಟರಿನ ಗಾಳಿ ತುಂಬಿಕೊಂಡಿರುವುದರಿಂದ ಹೇಗೋ ತಡೆದುಕೊಂಡೀತು. ಕರಾವಳಿಯದು ಒಂದೂವರೆ ಪಟ್ಟು ಹಿಗ್ಗಲು ನೋಡುತ್ತದೆ. ಚಟ್ನಿಪುಡಿಯ ಜಿಪ್ ಕವರನ್ನು ಮುಖದ ಹತ್ತಿರ ಹಿಡಿದು ತೆರೆಯಬಾರದು. ಕೆಳಗೇ ಒಂದು ಮೂಲೆ ಬಿಚ್ಚಿ, ಗಾಳಿ ಹಿಂಡಿ, ಮತ್ತೆ ಮುಚ್ಚಿದರೆ ಕಣ್ಣು ಉಳಿಯುತ್ತದೆ.

‘ಟೀ ಬಿಸೀನೇ ಇಲ್ಲ’ ಎಂಬ ದೂರಿಗೂ ಕಾರಣ ಇದೇ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ‘ಇನ್ನೂ ಸ್ವಲ್ಪ ಕುದಿಸಿ’ ಎಂದರೆ ಹಾಲು ಉಕ್ಕುತ್ತದೆ, ಬಿಸಿ ಏರುವುದಿಲ್ಲ.

ಹಿಮನದಿಯೊಳಗೆ ಕೊರೆದ ಐಸ್ ಪ್ಯಾಲೇಸನ್ನು ಬೇಕೆಂದೇ ಸೊನ್ನೆಗಿಂತ ಕೆಳಗೆ ತಂಪಾಗಿಡುತ್ತಾರೆ, ಇಲ್ಲವಾದರೆ ಜನರ ಮೈಬಿಸಿಗೇ ಅದು ಕರಗೀತು. ನೆಲವೂ ಮಂಜುಗಡ್ಡೆಯೇ. ಅಂಗಾಲು ಪೂರ್ತಿ ಊರಿ, ಪುಟ್ಟ ಹೆಜ್ಜೆ, ಒಂದು ಕೈ ಕಂಬಿಯ ಮೇಲೆ. ಸಾಕ್ಸ್-ಚಪ್ಪಲಿಯವರು ಇಲ್ಲಿ ಮೂವರನ್ನು ಹಿಡಿದುಕೊಂಡೇ ಜಾರುತ್ತಾರೆ. ಒಬ್ಬರೇ ಜಾರಿದ್ದನ್ನು ಯಾರೂ ಕಂಡಿಲ್ಲ.

ಇಳಿಯುವ ರೈಲಿಗೂ ತಂಡಕ್ಕೆ ಸಮಯ ಗೊತ್ತು ಮಾಡಿರುತ್ತಾರೆ. ಹತ್ತುವ ಮುಂಚೆ ತಲೆ ಎಣಿಸಿದರೆ ನಲವತ್ತಮೂರು. ಕೈಗವಸಿನ ಎಡಗೈ ಹುಡುಕಲು ಹೋದ ಆಂಟಿ ಒಬ್ಬರು ಕಮ್ಮಿ. ರೈಲು ತಪ್ಪಿ, ಮುಂದಿನದರಲ್ಲಿ ಜಾಗ ಹೊಂದಿಸಿ, ಬಸ್ಸು ತಲುಪುವಾಗ ನಲವತ್ತು ನಿಮಿಷ ತಡ. ದಾರಿಯುದ್ದಕ್ಕೂ ಆಂಟಿಯ ಜತೆ ಯಾರಿಗೂ ಮಾತಿಲ್ಲ.

ಆದರೆ ಬಸ್ಸಿನೊಳಗೆ ಟ್ಯಾಕೋಗ್ರಾಫ್ ಎಂಬ ಪೆಟ್ಟಿಗೆ ಉಂಟು. ಡ್ರೈವರ ನಿಮಿಷ ನಿಮಿಷವೂ ಅದರಲ್ಲಿ ದಾಖಲು. ದಿನಕ್ಕೆ ಮಾಮೂಲಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಬೇಕು, ಮರುದಿನ ಗಾಡಿ ಮುಟ್ಟುವ ಮುಂಚೆ 11 ಗಂಟೆ ವಿಶ್ರಾಂತಿ. ಈ ಹನ್ನೊಂದನ್ನು ವಾರಕ್ಕೊಮ್ಮೆ ಬರುವ ಒಂದು ರಜೆಯಿಂದ ಇನ್ನೊಂದರೊಳಗೆ ಮೂರು ಸಲ ಒಂಬತ್ತಕ್ಕೆ ಇಳಿಸಬಹುದು. ಆ ಮೂರನ್ನೂ ತಂಡ ಪ್ಯಾರಿಸ್‌ನಲ್ಲೇ ತಿಂದು ಮುಗಿಸಿರುತ್ತದೆ. ಬಸ್ಸು ಹೋಟೆಲ್ ಮುಂದೆ ನಿಂತಾಗ ರಾತ್ರಿ 9:40.

ಹತ್ತು ಗಂಟೆಗೆ ಸಂದೇಶ: ‘ನಾಳೆ 6:40-7:40-8:40.’ ಅದರ ಕೆಳಗೆ ಆಂಟಿಗೆ ಮೂವತ್ತೆಂಟು ಜನರ ಕೈಮುಗಿದ ಚಿತ್ರ.