ಜೀವನಾಡಿಗೆ ಗುದ್ದಲಿ ಪೂಜೆ

ಈಚೆಗೆ ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಗುದ್ದಲಿ ಪೂಜೆ ಆಯಿತು. ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಅದರಡಿ ಐವತ್ತು ಪ್ಲಾಸ್ಟಿಕ್ ಕುರ್ಚಿ, ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಇಪ್ಪತ್ತೆರಡು ಮುಖ. ಎಣಿಸಲು ಪುರುಸೊತ್ತಿತ್ತು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರಂತೆ. ಬಂದವರೇ ಮೈಕ್ ಹಿಡಿದು, "ಬಂಧುಗಳೇ, ಇದನ್ನ ಬರೀ ರಸ್ತೆ ಅಂದ್ಕೋಬೇಡಿ. ಇದು ಈ ಭಾಗದ ಜೀವನಾಡಿ!" ಎಂದರು.

ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ನಮ್ಮ ದೊಡ್ಡಪ್ಪ ಮಾತ್ರ ತಟ್ಟಲಿಲ್ಲ. ಅವರಿಗೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿ ಆಗಷ್ಟೇ ಮೂರು ವಾರ. ನನ್ನ ಕಿವಿಯ ಹತ್ತಿರ ಬಗ್ಗಿ, "ಅಲ್ವೋ, ಜೀವನಾಡಿ ಅಂತ ಗೊತ್ತಿದ್ದೂ ಗುದ್ದಲಿ ಹಾಕ್ತಾರಲ್ಲೋ ಇವ್ರು?" ಎಂದರು.

ದೊಡ್ಡಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಅಪಧಮನಿ, ನೀಲಿಯಲ್ಲಿ ಅಭಿಧಮನಿ ಬರೆದು ಬರೆದು ಕೈ ಸವೆದಿದೆ. 'ಅಪ' ಅಂದರೆ ದೂರ, 'ಅಭಿ' ಅಂದರೆ ಕಡೆಗೆ. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಇಷ್ಟೇ. ಆದರೂ ಪ್ರತಿ ವರ್ಷ ಒಬ್ಬ ಹುಡುಗನಾದರೂ ಪರೀಕ್ಷೆಯಲ್ಲಿ "ಅಪಘಾತವಾದ ಧಮನಿಗೆ ಅಪಧಮನಿ ಎನ್ನುವರು" ಎಂದು ಬರೆಯುತ್ತಿದ್ದನಂತೆ. ಅವತ್ತು ಸೊನ್ನೆ ಕೊಟ್ಟೆ, ಇವತ್ತಾಗಿದ್ದರೆ ಅರ್ಧ ಮಾರ್ಕು ಕೊಡ್ತಿದ್ದೆ ಅನ್ನುತ್ತಾರೆ.

ಈ ವಿಷಯದಲ್ಲಿ ನಾವು ಕನ್ನಡಿಗರು ಭಾರಿ ಧಾರಾಳಿಗಳು. ಮೈಯೊಳಗೆ ದಾರದ ಹಾಗೆ ಏನಿದ್ದರೂ ಅದು ನರ. ಡ್ರಿಪ್ ಹಾಕುವ ಸಿಸ್ಟರ್ ಕೈ ತಟ್ಟಿ ತಟ್ಟಿ "ನರ ಸಿಗ್ತಿಲ್ಲ" ಅನ್ನುತ್ತಾರೆ. ಅವರು ಹುಡುಕುತ್ತಿರುವುದು ಅಭಿಧಮನಿ. ಬೈಪಾಸ್ ಆದವರನ್ನು ನೋಡಿಬಂದವರು "ಕಾಲಿನ ನರ ತೆಗೆದು ಹಾರ್ಟಿಗೆ ಹಾಕಿದಾರಂತೆ" ಅನ್ನುತ್ತಾರೆ. ಅದೂ ಅಭಿಧಮನಿಯೇ. ಕತ್ತು ಉಳುಕಿದರೆ ನರ, ಕಾಲು ಜೋಮು ಹಿಡಿದರೆ ನರ, ಸಿಟ್ಟು ಬಂದರೆ ಹಣೆಯ ಮೇಲೆ ಉಬ್ಬುವುದೂ ನರ. ಮನೆಯಲ್ಲಿ, ಬೀದಿಯಲ್ಲಿ ಹೀಗಂದರೆ ಯಾರಿಗೂ ನಷ್ಟವಿಲ್ಲ. ಭಾಷಣಕ್ಕೆ ಮಾತ್ರ ನರ ಸಾಲುವುದಿಲ್ಲ. ಅಲ್ಲಿ ನಾಡಿಯೇ ಬೇಕು. ಅದಕ್ಕೊಂದು 'ಜೀವ' ಅಂಟಿಸಿದರೆ ಅಂದಾಜು ವೆಚ್ಚಕ್ಕೆ ಎರಡು ಸೊನ್ನೆ ಜಾಸ್ತಿ ಸೇರಿಸಬಹುದು.

ನಾಡಿಗೆ ಮೊದಲೆಲ್ಲ ಇನ್ನೊಂದು ಅರ್ಥವೂ ಇತ್ತು, ಕೊಳವೆ. ಧಮನಿ ಅನ್ನುವ ಪದ ಇನ್ನೂ ಮಜವಾಗಿದೆ. ಅದರ ಮೂಲದಲ್ಲಿರುವುದು ಊದುವುದು ಅನ್ನುವ ಅರ್ಥ. ಕಮ್ಮಾರ ತಿದಿ ಊದುವುದಕ್ಕೂ ಸಂಸ್ಕೃತದಲ್ಲಿ ಅದೇ ಧಾತು. ಅತ್ತ ಗ್ರೀಕರ 'ಆರ್ಟೀರಿಯಾ' ಕೂಡ ಮೊದಲು ಗಾಳಿ ಹೋಗುವ ಶ್ವಾಸನಾಳದ ಹೆಸರಾಗಿತ್ತು. ಹೆಣ ಕೊಯ್ದು ನೋಡಿದರೆ ಅಪಧಮನಿಗಳು ಬಹುಮಟ್ಟಿಗೆ ಖಾಲಿ ಕಾಣುತ್ತವೆ. ಹಾಗಾಗಿ ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ವೈದ್ಯ ಪ್ರಾಕ್ಸಾಗೊರಸ್, ಇವುಗಳಲ್ಲಿ ಹರಿಯುವುದು ರಕ್ತ ಅಲ್ಲ, ಗಾಳಿ ಎಂದುಬಿಟ್ಟ. ಇಲ್ಲಪ್ಪ, ಒಳಗಿರುವುದು ರಕ್ತವೇ ಎಂದು ಇನ್ನೊಬ್ಬ ಗ್ರೀಕ್ ವೈದ್ಯ ಗೇಲನ್ ತೋರಿಸಿಕೊಡುವ ಹೊತ್ತಿಗೆ ಕ್ರಿಸ್ತಶಕ 2ನೇ ಶತಮಾನ ಬಂದಿತ್ತು. ಆ ರಕ್ತ ಸುತ್ತು ಹೊಡೆದು ಮತ್ತೆ ಹೃದಯಕ್ಕೇ ಬರುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಲೆಕ್ಕ ಹಾಕಿ ಪುಸ್ತಕ ಬರೆದದ್ದು 1628ರಲ್ಲಿ. ಗಾಳಿ ಅಂದಿದ್ದನ್ನು ತಿದ್ದಲು ಐನೂರು ವರ್ಷ ಹಿಡಿಯಿತು. ನಮ್ಮ ವೇದಿಕೆಯ ಜೀವನಾಡಿಗಳಲ್ಲಿ ಇವತ್ತಿಗೂ ಓಡಾಡುತ್ತಿರುವುದು ಗಾಳಿಯೇ. ಪ್ರಾಕ್ಸಾಗೊರಸ್ ಸುಮ್ನೆ ಅವಸರಪಟ್ಟ, ಎರಡೂವರೆ ಸಾವಿರ ವರ್ಷ ತಡೆದು ಇಲ್ಲಿಗೆ ಬಂದಿದ್ದರೆ ಗೆದ್ದುಬಿಡುತ್ತಿದ್ದ.

ಈ ಹೆಸರಿನ ಕಾಲ್ಗುಣವೂ ಅಷ್ಟಕ್ಕಷ್ಟೆ. ತುಂಗಭದ್ರೆ ಕಲ್ಯಾಣ ಕರ್ನಾಟಕದ ಜೀವನಾಡಿ ಎಂದು ಎಷ್ಟು ಸಲ ಓದಿಲ್ಲ ನಾವು? 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜೀವನಾಡಿ ಎನ್ನಲು ಎಲ್ಲರಿಗೂ ನೆನಪಿತ್ತು, ಚೈನು ನೋಡಲು ಯಾರಿಗೂ ನೆನಪಿರಲಿಲ್ಲ. ಶಿರಾಡಿ ಘಾಟ್ ಕರಾವಳಿಯ ಜೀವನಾಡಿ. ಕಾಂಕ್ರೀಟ್ ಹಾಕಲು 2015ರಲ್ಲಿ ತಿಂಗಳುಗಟ್ಟಲೆ ಬಂದ್, ಮುಂದಿನ ಕಂತಿಗೆ 2018ರಲ್ಲಿ ಮತ್ತೆ ತಿಂಗಳುಗಟ್ಟಲೆ ಬಂದ್. ಆಮೇಲೆ ಮಳೆಗಾಲದಲ್ಲಿ ಗುಡ್ಡಗಳೇ ರಸ್ತೆಗಿಳಿಯುತ್ತವೆ.

ಇನ್ನು ಬೆಂಗಳೂರು. ಅಲ್ಲಿ ದೊಡ್ಡ ರಸ್ತೆಗಳಿಗೆ ಸರ್ಕಾರಿ ಕಾಗದದಲ್ಲೇ 'ಆರ್ಟೀರಿಯಲ್ ರಸ್ತೆ' ಎಂದು ಹೆಸರು. ಅವುಗಳಿಗೆ ಕೂಡಿಕೊಳ್ಳುವವು 'ಸಬ್ ಆರ್ಟೀರಿಯಲ್'. ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ ಅನ್ನಬೇಕು. ಮಹಾಪಧಮನಿ ನಮ್ಮ ದೇಹದ ಅತಿ ದೊಡ್ಡ ರಕ್ತನಾಳ. ಸುಮ್ಮನೆ ಕೂತಿರುವಾಗ ಅದರಲ್ಲಿ ರಕ್ತ ಹರಿಯುವ ಸರಾಸರಿ ವೇಗ ಗಂಟೆಗೆ ಒಂದು ಕಿಲೋಮೀಟರ್ ಆಸುಪಾಸು. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಹತ್ತಿರ ನಿಂತು ನೋಡಿ, ಅದೇ ವೇಗ. ಶರೀರಶಾಸ್ತ್ರವನ್ನು ಇಷ್ಟು ಚಾಚೂ ತಪ್ಪದೆ ಪಾಲಿಸುವ ಊರು ಇನ್ನೊಂದಿರಲಿಕ್ಕಿಲ್ಲ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿ 2024ರ ಲೆಕ್ಕದಲ್ಲಿ ಅಲ್ಲಿ ಹತ್ತು ಕಿಲೋಮೀಟರಿಗೆ ಸರಾಸರಿ 34 ನಿಮಿಷ ಬೇಕು ಎಂದಿತು. ನಾವೆಲ್ಲ ಬೈದುಕೊಂಡೆವು. ರಕ್ತಕ್ಕೆ ಹೋಲಿಸಿದರೆ ಅದು ರಾಕೆಟ್ಟು. ಒಂದೇ ವ್ಯತ್ಯಾಸ, ರಕ್ತ ನಿಧಾನವಾಗಿ ಹೋದರೂ ಯಾರ ಕಾನ್ವಾಯ್ ಬಂತು ಅಂತಲೂ ನಿಲ್ಲುವುದಿಲ್ಲ. ಸುಮಾರು ಒಂದು ನಿಮಿಷದಲ್ಲಿ ಇಡೀ ಮೈ ಸುತ್ತಿ ಮನೆ ಸೇರುತ್ತದೆ.

ರೋಗದ ವಿಷಯಕ್ಕೆ ಬರೋಣ. ಅಪಧಮನಿ ಗಟ್ಟಿಯಾದರೆ ಡಾಕ್ಟರು ಮುಖ ಗಂಟಿಕ್ಕುತ್ತಾರೆ. ಉಪ್ಪು ಬಿಡಿ, ಬೀಡಿ ಬಿಡಿ, ದಿನಾ ನಡೀರಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದೇ ಚಿಕಿತ್ಸೆ, ಹೆಸರು ವೈಟ್ ಟಾಪಿಂಗ್. ಮೆತ್ತಗಿದ್ದ ಟಾರಿನ ಮೇಲೆ ಒಂದು ಪದರ ಕಾಂಕ್ರೀಟ್ ಸುರಿದು, ಅಪಧಮನಿಯನ್ನು ಗಟ್ಟಿ ಮಾಡಿ, ರಿಬ್ಬನ್ ಕತ್ತರಿಸುತ್ತಾರೆ. ಈಜೀಪುರದಲ್ಲಿ ಎರಡೂವರೆ ಕಿಲೋಮೀಟರಿನ ಮೇಲ್ಸೇತುವೆ 2017ರಲ್ಲಿ ಶುರುವಾಯಿತು. 2019ಕ್ಕೆ ಮುಗಿಯಬೇಕಿತ್ತು. 2025ರಲ್ಲೂ ಕೆಲಸ ನಡೆದೇ ಇತ್ತು. ಎದೆ ತೆರೆದಿಟ್ಟು ಡಾಕ್ಟರು ಕಾಫಿಗೆ ಹೋದ ಹಾಗೆ. ಹೃದ್ರೋಗದ ಆಸ್ಪತ್ರೆಯ ಎದುರಿಗೇ ಇದ್ದ ಜಯದೇವ ಮೇಲ್ಸೇತುವೆಯನ್ನು ಕಟ್ಟಿ ಸುಮಾರು ಹದಿನೈದು ವರ್ಷಕ್ಕೆ, 2020ರಲ್ಲಿ, ಮೆಟ್ರೊಗಾಗಿ ಕೆಡವಿದರು. ಮೆಟ್ರೊ ಬೇಕಿತ್ತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಇಂಥದ್ದೊಂದು ಬರುತ್ತದೆ ಅಂತ ಮೊದಲೇ ಯಾರಿಗೂ ಹೊಳೆಯಲಿಲ್ವಾ?

ಈಗ ಹೊಸ ಅಪಧಮನಿ ನೆಲದಡಿ ಬರಲಿದೆಯಂತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರಿನ ಸುರಂಗ, ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಯೋಜನೆಯಲ್ಲಿ ಬೈಕು, ಸ್ಕೂಟರುಗಳಿಗೆ ಒಳಗೆ ಪ್ರವೇಶವಿಲ್ಲ. ರಕ್ತದಲ್ಲಿ ಒಂದು ಬಿಳಿ ಕಣಕ್ಕೆ ನೂರಾರು ಕೆಂಪು ಕಣ ಇರುತ್ತವೆ, ಪ್ರಾಣವಾಯು ಹೊರುವವು ಆ ಕೆಂಪು ಕಣಗಳೇ. ಬಿಳಿಯವಕ್ಕೆ ಮಾತ್ರ ಸುರಂಗ, ಕೆಂಪಿನವು ಮೇಲೆಯೇ ಹೊಗೆ ಕುಡೀತಾ ಇರಲಿ ಎಂದು ಯಾವ ದೇಹವೂ ಇದುವರೆಗೆ ಟೆಂಡರ್ ಕರೆದಿಲ್ಲ.

ಹೃದಯದ ಸಂಗತಿಯೂ ಇತ್ಯರ್ಥವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗಿದ್ದ ಒಂದು ಪಾಲಿಕೆ ಹೋಗಿ ಐದಾಯಿತು. ಒಂದು ದೇಹಕ್ಕೆ ಐದು ಹೃದಯ. ನಗುವಂಥದ್ದೇನಿಲ್ಲ. ಎರೆಹುಳಕ್ಕೆ ನಾಲ್ಕೈದು ಜೋಡಿ ಹೃದಯಗಳಿರುತ್ತವೆ ಎಂದು ದೊಡ್ಡಪ್ಪನೇ ಪಾಠ ಮಾಡಿದ್ದಾರೆ. ಅದರ ಕಸುಬೂ ಹಗಲೂ ರಾತ್ರಿ ಮಣ್ಣು ಅಗೆಯುವುದೇ.

ದೊಡ್ಡಪ್ಪನ ಕತೆಗೆ ಬರುತ್ತೇನೆ. ಎದೆ ಹಿಡಿದಂತಾಗಿ ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಮೊದಲು ಮಾಡಿದ್ದು ಆಂಜಿಯೋಗ್ರಾಮ್. ಮಣಿಕಟ್ಟಿನ ಹತ್ತಿರ ಸಣ್ಣದೊಂದು ತೂತು. ಅಲ್ಲಿಂದ ತೆಳುವಾದ ನಳಿಕೆ ತೂರಿಸಿ, ಬಣ್ಣದ ಔಷಧಿ ಬಿಟ್ಟು, ಎಕ್ಸ್‌ರೇ ಪರದೆಯ ಮೇಲೆ ನೋಡಿದರು. ಆಮೇಲೆ ನನ್ನನ್ನು ಕರೆದು ಚೀಟಿಯ ಹಿಂದೆ ಪೆನ್ನಿನಲ್ಲಿ ಮರದ ಕೊಂಬೆಯಂಥ ಚಿತ್ರ ಬರೆದರು. ಒಂದು ಕೊಂಬೆಯ ನಡುವೆ ಕಪ್ಪು ಚುಕ್ಕೆ ಇಟ್ಟು, "ಇಲ್ಲಿ, ಎಂಬತ್ತು ಪರ್ಸೆಂಟ್. ಬೇರೆ ಕಡೆ ಏನೂ ತೊಂದರೆ ಇಲ್ಲ" ಎಂದರು. ಅದೇ ತೂತಿನಿಂದಲೇ ಬಲೂನು ಹೋಯಿತು, ಸ್ಟೆಂಟ್ ಕೂತಿತು. ಮೂರನೇ ದಿನ ದೊಡ್ಡಪ್ಪ ಮನೆಯಲ್ಲಿ ರಾಗಿ ಅಂಬಲಿ ಕುಡಿಯುತ್ತ ಉಪ್ಪು ಕಮ್ಮಿ ಎಂದು ಜಗಳ ಆಡುತ್ತಿದ್ದರು. ಮಣಿಕಟ್ಟಿನಲ್ಲಿ ಉಳಿದಿದ್ದು ಸೊಳ್ಳೆ ಕಡಿದಷ್ಟು ಗುರುತು.

ಸ್ಟೆಂಟಿನ ಬೆಲೆಗೆ ಸರ್ಕಾರವೇ 2017ರ ಫೆಬ್ರುವರಿಯಲ್ಲಿ ಮಿತಿ ಹಾಕಿತು. ಔಷಧಿ ಲೇಪಿಸಿದ ಸ್ಟೆಂಟಿಗೆ ಆಗ ಗೊತ್ತುಮಾಡಿದ್ದು 29,600 ರೂಪಾಯಿ. ದೊಡ್ಡಪ್ಪನಿಗೆ ಬಿಲ್ಲು ನೋಡಿದಾಗಿನಿಂದ ಒಂದೇ ಕೊರಗು, "ಇದೇ ಸರ್ಕಾರದವ್ರು ರಸ್ತೆ ಕಿಲೋಮೀಟರಿಗೂ ಇಂತಿಷ್ಟೇ ಅಂತ ಒಂದು ಗೆರೆ ಎಳೀಬಾರ್ದೇನೋ?"

ನಮ್ಮ ಜೀವನಾಡಿಗೆ ನಡೆದ ಚಿಕಿತ್ಸೆ ಬೇರೆ ತರಹದ್ದು. ಪೂಜೆಯ ಮರುದಿನ ಜೆಸಿಬಿ ಬಂತು. ಹದಿನೈದು ದಿನ ಅಗೆದು, ಜಲ್ಲಿ ಹಾಸಿ, ಟಾರು ಹಾಕಿದರು. ರಸ್ತೆ ಕನ್ನಡಿ ಹಾಗಿತ್ತು, ಪೂರಾ ಒಂಬತ್ತು ದಿನ. ಹತ್ತನೇ ದಿನ ಯುಜಿಡಿಯವರು, ಅಂದರೆ ಒಳಚರಂಡಿಯವರು, ಬಂದು ಚೇಂಬರ್ ಹುಡುಕಿದರು. ಟಾರಿನಡಿ ಹೂತುಹೋಗಿದ್ದ ಮುಚ್ಚಳ ಮೂರು ಕಡೆ ಅಗೆದ ಮೇಲೆ ಸಿಕ್ಕಿತು. ಅವರು ಮುಚ್ಚಿಹೋದ ವಾರಕ್ಕೆ ಕೇಬಲ್ಲಿನವರು. ಅವರ ಹಿಂದೆಯೇ ಗ್ಯಾಸ್ ಪೈಪಿನವರು. ಒಬ್ಬರು ಅಗೆದ ಗುಂಡಿಯಲ್ಲಿ ಇನ್ನೊಬ್ಬರು ಕೆಲಸ ಮಾಡುವುದು ಮರ್ಯಾದೆ ಅಲ್ಲವೋ ಏನೋ, ಎಲ್ಲರೂ ತಮ್ಮದೇ ಸ್ವಂತ ಗುಂಡಿ ತೋಡಿದರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಂಥ ಕೆಲವು ಕಡೆ ಟೆಂಡರ್‌ಶ್ಯೂರ್ ಅಂತ ಮಾಡಿ, ಪೈಪು, ತಂತಿಗಳನ್ನೆಲ್ಲ ಫುಟ್‌ಪಾತಿನ ಕೆಳಗೇ ಕೂರಿಸಿದ್ದಾರೆ. ಅಂದರೆ ಉಪಾಯ ಗೊತ್ತಿಲ್ಲದ್ದೇನಲ್ಲ. ಬೇರೆ ಜೀವನಾಡಿಗಳಿಗೆ ಅದನ್ನು ಹಬ್ಬಿಸಲು ಮಾತ್ರ ನಾಡಿ ಸಿಕ್ಕಿಲ್ಲ.

ಕಳೆದ ಸೋಮವಾರ ನೀರಿನವರ ಸರದಿ. ಬೆಳಿಗ್ಗೆ ಇಬ್ಬರು ಹುಡುಗರು ಸುಣ್ಣದ ಡಬ್ಬಿ ಹಿಡಿದು ನಮ್ಮ ಗೇಟಿನ ಮುಂದೆ ಒಂದು ಗೆರೆ ಎಳೆದರು. ನೋಡಿ, ತಲೆ ಕೆರೆದುಕೊಂಡು, ಎರಡಡಿ ಆಚೆ ಇನ್ನೊಂದು ಎಳೆದರು. ಆಮೇಲೆ ಮೂರನೆಯದು. ದೊಡ್ಡಪ್ಪ ಮಾತ್ರೆ ನುಂಗಿ ಹೊರಗೆ ಬಂದರು.

"ಏನಪ್ಪಾ ಹುಡುಕ್ತಿದೀರಿ?"

"ಮೇನ್ ಪೈಪು ಸಾರ್. ಇಲ್ಲೇ ಎಲ್ಲೋ ಇರಬೇಕು."

"ಮ್ಯಾಪ್ ಇಲ್ವಾ?"

"ಮ್ಯಾಪಾ? ಇಲ್ಲ ಸಾರ್. ಅಗೆದ್ರೆ ಗೊತ್ತಾಗುತ್ತೆ."

ದೊಡ್ಡಪ್ಪ ತಮ್ಮ ಮಣಿಕಟ್ಟು ಮುಂದೆ ಚಾಚಿ ಸೊಳ್ಳೆ ಗುರುತು ತೋರಿಸಿ ಆಂಜಿಯೋಗ್ರಾಮಿನ ಪಾಠ ಶುರು ಮಾಡಿದರು. ಬಣ್ಣದ ಔಷಧಿ, ಪರದೆ, ಕೊಂಬೆ, ಚುಕ್ಕೆ, ಎಲ್ಲ ಆಯಿತು. ಹುಡುಗರು ಪಾಪ, ಗುದ್ದಲಿ ಊರಿಕೊಂಡು ಪೂರ್ತಿ ಕೇಳಿದರು. ಕೊನೆಗೆ ದೊಡ್ಡವನು ಬೆವರು ಒರೆಸಿಕೊಳ್ಳುತ್ತ, "ಸಾರ್, ಕುಡಿಯೋಕೆ ಒಂಚೂರು ನೀರು ಸಿಗುತ್ತಾ?" ಎಂದ.

ಗ್ಯಾಸಿನವರು ನೀರಿನ ಪೈಪ್ ಒಡೆದು ಅವತ್ತಿಗೆ ನಾಲ್ಕನೇ ದಿನ. ನಾನು ಅಂಗಡಿಗೆ ಹೋಗಿ, ಮೂರು ಗುಂಡಿ ದಾಟಿ, ಕ್ಯಾನ್ ಹೊತ್ತು ತಂದೆ.