ಬೆಂಕಿಗೆ ಬಿದ್ದ ಕಾಗದದ ಟೋಪಿ, ನಮ್ಮ ಪೇಟೆಯ ಕಪ್ಪು ಅಂಗಿ

ಡಿಸೆಂಬರ್ ಬಂತೆಂದರೆ ಕೇರಳದ ಗಡಿಜಿಲ್ಲೆ ಕಾಸರಗೋಡಿನ ನನ್ನ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಧನು ತಿಂಗಳು ಹಿಡಿಯುವ ಮೊದಲು ಮದುವೆ ಮುಗಿಸುವವರ ಬ್ಲೌಸುಗಳು ಒಂದು ಕಡೆ. ಬೇಳ ಇಗರ್ಜಿ ಕಡೆಯ ಮಕ್ಕಳ ಫ್ರಾಕುಗಳು ಇನ್ನೊಂದು ಕಡೆ. ಅದರ ನಡುವೆ ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಪಂಚೆ ತಂದು, "ಅಕ್ಕ, ಇದಕ್ಕೊಂದು ಅಂಚು ಹೊಡೆದು ಕೊಡಿ, ಈಗಲೇ ಬೇಕು" ಅಂತ ನಿಂತಿರುತ್ತಾರೆ. ಈಗಲೇ ಬೇಡ ಅಂದವರು ಇದುವರೆಗೆ ಯಾರೂ ಬಂದಿಲ್ಲ.

ಮೊನ್ನೆ ಪಕ್ಕದ ಮನೆಯ ಬಾಯಮ್ಮ ಮೊಮ್ಮಗಳ ಫ್ರಾಕಿಗೆ ಬಟ್ಟೆ ಆರಿಸಲು ಬಂದಿದ್ದರು. ಅವರ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಬಣ್ಣ ತೋರಿಸಲಿಕ್ಕೆ ಅಂಗಡಿಯಿಂದಲೇ ಅವಳಿಗೆ ವಿಡಿಯೋ ಕಾಲ್ ಮಾಡಿದರು. ನಾನು ತೆಗೆದಿಟ್ಟದ್ದು ಕೆಂಪು ನೆಟ್ಟು, ಸೊಂಟಕ್ಕೆ ಹಸಿರು ರಿಬ್ಬನ್, ಕೆಳಗೆ ಬೆಳ್ಳಿ ಬಣ್ಣದ ಲೇಸು. ಅವಳು ನೋಡಿ ಜೋರಾಗಿ ನಕ್ಕಳು. "ಆಂಟಿ, ಇದೇ ಮೂರು ಬಣ್ಣಕ್ಕೆ ಇಲ್ಲಿ ಒಂದು ಸಲ ಎಷ್ಟು ಗಲಾಟೆ ಆಗಿತ್ತು ಗೊತ್ತುಂಟಾ?"

ಅವಳು ಹೇಳಿದ್ದು 2023ರ ನವೆಂಬರಿನ ಕತೆ. ಅಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂತ ದೊಡ್ಡ ಅಂಗಡಿ, ಬಟ್ಟೆಯಿಂದ ಹಿಡಿದು ಕೇಕಿನವರೆಗೆ ಎಲ್ಲ ಮಾರುವವರು. ನಮಗೆ ಓಣಂ ಹೊತ್ತಿಗೆ ಬಟ್ಟೆ ಅಂಗಡಿ ಜಾಹೀರಾತು ಇದ್ದ ಹಾಗೆ ಅವರಿಗೆ ಕ್ರಿಸ್‌ಮಸ್ ಜಾಹೀರಾತು. ಜನ ಸಿನಿಮಾಕ್ಕೆ ಕಾದ ಹಾಗೆ ಅದಕ್ಕೆ ಕಾಯುತ್ತಾರಂತೆ. ಆ ವರ್ಷ ಅವರ ಮಾತು ಏನೆಂದರೆ, ಹಬ್ಬದಲ್ಲಿ ನಿಮಗೆ ಇಷ್ಟ ಇಲ್ಲದ ಶಾಸ್ತ್ರ ಬಿಟ್ಟುಬಿಡಿ, ಇಷ್ಟ ಇದ್ದದ್ದು ಮಾತ್ರ ಮಾಡಿ. ಅಲ್ಲಿ ಕ್ರಿಸ್‌ಮಸ್ ಊಟಕ್ಕೆ ಕೂತಾಗ ಎಲ್ಲರೂ ತಲೆಗೆ ತೆಳು ಕಾಗದದ ಟೋಪಿ ಹಾಕುವ ಕ್ರಮ ಉಂಟು. ಅಂಥ ಟೋಪಿಗಳನ್ನು ಅಗ್ಗಿಷ್ಟಿಕೆಗೆ ಎಸೆದ ಒಂದು ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ಟೋಪಿಗಳು ಕೆಂಪು, ಹಸಿರು, ಬೆಳ್ಳಿ.

ಅಷ್ಟು ಸಾಕಾಯಿತು. ಗಾಜಾದಲ್ಲಿ ಯುದ್ಧ ಶುರುವಾಗಿ ತಿಂಗಳೂ ಆಗಿರಲಿಲ್ಲ. ಇದು ಪ್ಯಾಲೆಸ್ತೀನಿನ ಬಾವುಟದ ಬಣ್ಣ, ಬೇಕೆಂದೇ ಸುಡುತ್ತಿದ್ದಾರೆ ಅಂತ ಎದ್ದರು ಜನ. ಬಹಿಷ್ಕಾರದ ಕರೆ ಹೋಯಿತು. ಕಂಪನಿಯವರು ಚಿತ್ರ ತೆಗೆದರು, ಕ್ಷಮೆ ಕೇಳಿದರು. ಚಿತ್ರೀಕರಣ ಆದದ್ದು ಆಗಸ್ಟಿನಲ್ಲಿ, ಹಬ್ಬದ ಬಣ್ಣದ ಟೋಪಿ ಇದು ಅಂತಲೂ ಹೇಳಿದರು. ಆಗಸ್ಟಿನಲ್ಲಿ ಟೋಪಿ ಸುಟ್ಟವನಿಗೆ ಅಕ್ಟೋಬರಿನ ಯುದ್ಧ ಗೊತ್ತಿರಲು ಅವನೇನು ಕವಡೆ ಹಾಕಿ ನೋಡಿದ್ದನಾ? ಅತ್ತ ಇನ್ನೊಂದು ಗುಂಪಿಗೆ ಬೇರೆಯೇ ಸಿಟ್ಟು: ನಮ್ಮ ಹಬ್ಬದ ಸಂಪ್ರದಾಯವನ್ನು ತಮಾಷೆ ಮಾಡಿದರು ಅಂತ. ಒಂದೇ ಜಾಹೀರಾತಿಗೆ ಎರಡು ದಿಕ್ಕಿನಿಂದ ಕಲ್ಲು.

ಬಾಯಮ್ಮ ಕೇಳಿ, "ಎಂಥ ಮರ್ಲಪ್ಪ ಇವರಿಗೆ" ಅಂದರು. ನಾನೂ ನಗಬೇಕಿತ್ತು. ನಗು ಬರಲಿಲ್ಲ. ಯಾಕೆಂದರೆ ಅಂಥದ್ದೇ ಮರ್ಲು, ಅಂಥದ್ದೇ ಹುಚ್ಚು, ನಾನೇ ಮಾಡಿದ್ದೇನೆ. ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ, ಇವತ್ತು ಬರೆದುಬಿಡುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಪೇಟೆಯ ಒಂದು ರೆಡಿಮೇಡ್ ಅಂಗಡಿಯವರು ಕ್ರಿಸ್‌ಮಸ್ ಆಫರಿನ ಫ್ಲೆಕ್ಸ್ ಹಾಕಿದ್ದರು. ಬಸ್ ಸ್ಟ್ಯಾಂಡಿನ ಎದುರಿಗೇ, ಇಷ್ಟು ದೊಡ್ಡದು. ಮಲಯಾಳ ಉಂಟು, ಇಂಗ್ಲಿಷ್ ಉಂಟು, ಕನ್ನಡ ಒಂದಕ್ಷರ ಇಲ್ಲ. ನಮ್ಮ ಕಡೆಯವರಿಗೆ ಇದು ಎಲ್ಲಿ ಚುಚ್ಚುತ್ತದೆ ಅಂತ ವಿವರಿಸಬೇಕಾಗಿಲ್ಲ. 1956ರ ನವೆಂಬರ್ ಒಂದಕ್ಕೆ ಕೇರಳ ಆದಾಗ ನಮ್ಮ ಊರು ಅದಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯಿಂದ ಬಡಗಿನ ಊರು ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ತಕರಾರು ನೋಡಿದ ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದು, ಅದು ಕಾಗದದಲ್ಲೇ ಉಳಿದದ್ದು, ಆಮೇಲೆ 2017ರಲ್ಲಿ ಶಾಲೆಗಳಿಗೆ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಬೀದಿಗಿಳಿದದ್ದು, ಇಷ್ಟೆಲ್ಲ ಮನಸ್ಸಿನಲ್ಲಿ ಹೊತ್ತುಕೊಂಡೇ ನಾವು ಒಂದು ಬೋರ್ಡು ನೋಡುವುದು. ಹೊರಗಿನವರಿಗೆ ಅದು ಬರೀ ಬೋರ್ಡು.

ನಾನು ಫೋಟೋ ತೆಗೆದೆ. ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. "ಕನ್ನಡ ಬೇಡದ ಅಂಗಡಿಗೆ ಕನ್ನಡಿಗರ ದುಡ್ಡು ಯಾಕೆ?" ಅಂತ ಬರೆದೆ. ಸುಳ್ಳು ಹೇಳುವುದಿಲ್ಲ, ಬರೆದದ್ದು ಚಂದ ಆಯಿತು ಅಂತ ಖುಷಿಯೇ ಆಗಿತ್ತು. ಮಧ್ಯಾಹ್ನದ ಒಳಗೆ ನಲುವತ್ತು ಹೆಬ್ಬೆರಳು.

ಸಂಜೆ ಅದೇ ಫೋಟೋ ಬೇರೆ ಗುಂಪಿನಿಂದ ನನಗೇ ವಾಪಸ್ ಬಂತು. ನನ್ನ ಸಾಲು ಇಲ್ಲ. ಫ್ಲೆಕ್ಸಿನಲ್ಲಿ ಸಾಂತಾಕ್ಲಾಸಿನ ಎದುರು ಒಂದು ಪುಟ್ಟ ಹುಡುಗ ಮೊಣಕಾಲೂರಿ ಉಡುಗೊರೆ ತೆಗೆದುಕೊಳ್ಳುತ್ತಿದ್ದ, ಅವನ ಸುತ್ತ ಕೆಂಪು ಗೆರೆ. ಹುಡುಗನ ಅಂಗಿ ಕಪ್ಪು. "ಮಾಲೆ ಹಾಕಿದ ಮಗುವನ್ನು ಸಾಂತಾನ ಕಾಲಿಗೆ ಬೀಳಿಸಿದ್ದಾರೆ, ನೋಡಿ." ಶಬರಿಮಲೆ ವ್ರತದ ಮಂಡಲದ ಕಾಲ ಅಲ್ವಾ, ಕಪ್ಪು ಕಂಡರೆ ಎಲ್ಲರಿಗೂ ಒಂದೇ ನೆನಪು. ನಾನು ಝೂಮ್ ಮಾಡಿ ನೋಡಿದೆ. ಮಾಲೆ ಇಲ್ಲ, ಗಂಧ ಇಲ್ಲ, ಎಂಥದ್ದೂ ಇಲ್ಲ. ನೆಟ್ಟಿನಿಂದ ಇಳಿಸಿದ ಯಾವುದೋ ಬಿಳಿಯರ ಹುಡುಗ, ಕಪ್ಪು ಟೀ ಶರ್ಟು. ಹೊಲಿಗೆಯವಳಿಗೆ ಅಷ್ಟು ಗೊತ್ತಾಗುವುದಿಲ್ಲವಾ? ಕಾಲರಿನ ಕೆಳಗೆ ಮೂರು ಗುಂಡಿ ಬೇರೆ ಇತ್ತು.

ಗೊತ್ತಾಯಿತು. ಆದರೆ ಹೇಳಲಿಲ್ಲ. ಇದು ಪಾಯಿಂಟು. "ಹಾಗಲ್ಲ, ವಿಷಯ ಕನ್ನಡದ್ದು, ಅದು ಬರೀ ಟೀ ಶರ್ಟು" ಅಂತ ಒಂದು ಸಾಲು ಬರೆಯಬಹುದಿತ್ತು. ಬರೆದರೆ ನನ್ನ ಮೇಲೇ ಬೀಳುತ್ತಾರೆ ಅಂತ ಹೆದರಿಕೆ ಒಂದು. ಇನ್ನೊಂದು, ಹೇಗೋ ಅಂಗಡಿಗೆ ಬುದ್ಧಿ ಬರಲಿ ಅಂತ ಸಣ್ಣ ಆಸೆ. ರಾತ್ರಿ ಯಾರೋ ಫ್ಲೆಕ್ಸ್ ಹರಿದರು. ಮರುದಿನ ಅಂಗಡಿ ಖಾಲಿ. ವಾರ ಇಡೀ ಖಾಲಿ.

ಮುದಲಾಳಿಗೆ, ಅಂದರೆ ಅಂಗಡಿ ಧಣಿಗೆ, ಬೇರೆ ಊರಿನಲ್ಲೂ ಅಂಗಡಿ ಉಂಟು, ಗಲ್ಫಿನಲ್ಲಿ ಅಣ್ಣ ತಮ್ಮ ಇದ್ದಾರೆ. ಅವರು ಕೌಂಟರಿನ ಇಬ್ಬರು ಹುಡುಗಿಯರಿಗೆ, ಜನವರಿವರೆಗೆ ಬರುವುದು ಬೇಡ ಅಂದರು. ಅದರಲ್ಲಿ ಒಬ್ಬಳು ನನ್ನಲ್ಲಿಗೆ ಬಂದಳು, ಹೊಲಿಗೆ ಕೆಲಸ ಏನಾದರೂ ಉಂಟಾ ಅಂತ ಕೇಳಿಕೊಂಡು. ಹುಕ್ಸ್ ಹಾಕಲು ಕೂರಿಸಿದೆ. ಹುಕ್ಸ್ ಹಾಕುತ್ತಾ ತಲೆ ಎತ್ತದೆ ಹೇಳಿದಳು: "ಅಕ್ಕ, ಕನ್ನಡದಲ್ಲಿ ಬೋರ್ಡು ಇಲ್ಲ ಅಂತ ಯಾರೋ ಬರೆದದ್ದಂತೆ ಮೊದಲು. ಆ ಅಂಗಡಿಯಲ್ಲಿ ಕನ್ನಡ ಓದಲು ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ನನ್ನತ್ರ ಕೇಳಿದ್ದರೆ ನಾನೇ ಬರೆದು ಕೊಡುತ್ತಿದ್ದೆ."

ಯಾರು ಬರೆದದ್ದು ಅಂತ ಅವಳಿಗೆ ಗೊತ್ತಿತ್ತಾ ಇಲ್ಲವಾ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಚಹಾ ಮಾಡಲು ಒಳಗೆ ಹೋದೆ.

ಅಲ್ಲಿಂದ ಈಚೆಗೆ ಯಾವ ಜಾಹೀರಾತಿನ ಗಲಾಟೆ ಕೇಳಿದರೂ ನನ್ನ ಕಣ್ಣು ಮೊದಲು ಹೋಗುವುದು ಕೌಂಟರಿನಲ್ಲಿ ನಿಂತವರ ಕಡೆಗೆ. 2020ರಲ್ಲಿ ಒಡವೆ ಕಂಪನಿ ತನಿಷ್ಕ್‌ನವರ ಸೀಮಂತದ ಜಾಹೀರಾತು ನೆನಪಿರಬಹುದು. ಮುಸ್ಲಿಂ ಮನೆಯವರು ಹಿಂದೂ ಸೊಸೆಗೆ ಅವಳ ಕ್ರಮದಲ್ಲೇ ಸೀಮಂತ ಮಾಡುವುದು. ಅದನ್ನು ಹಿಂದೆ ತೆಗೆದುಕೊಂಡಾಗ ಕಂಪನಿ ಕೊಟ್ಟ ಕಾರಣಗಳಲ್ಲಿ ಅಂಗಡಿಯಲ್ಲಿ ಕೆಲಸ ಮಾಡುವವರ ಕ್ಷೇಮವೂ ಒಂದು. ಜಾಹೀರಾತು ಬರೆದವರು ಎಲ್ಲೋ ಏಸಿಯಲ್ಲಿ, ಬೈದವರು ಮೊಬೈಲಿನ ಹಿಂದೆ, ನಡುವೆ ಗಾಜಿನ ಬಾಗಿಲಿನ ಒಳಗೆ ಯೂನಿಫಾರ್ಮಿನ ಹುಡುಗಿ. ಅದಕ್ಕೂ ಮೊದಲು 2019ರಲ್ಲಿ ಸರ್ಫ್ ಎಕ್ಸೆಲ್‌ನವರ ಹೋಳಿ ಜಾಹೀರಾತು ಬಂದಾಗ ಜನ ಸಿಟ್ಟಿನಲ್ಲಿ ಹೋಗಿ ಒಂದು ಸ್ಟಾರ್ ಕೊಟ್ಟದ್ದು ಯಾರಿಗೆ? ಮೈಕ್ರೋಸಾಫ್ಟ್ ಎಕ್ಸೆಲ್ ಆ್ಯಪಿಗೆ! ಸೋಪಿನ ಪುಡಿ ಯಾವುದು, ಲೆಕ್ಕದ ಆ್ಯಪ್ ಯಾವುದು ನೋಡುವ ತಾಳ್ಮೆಯೂ ಇಲ್ಲ. ಇದನ್ನು ಓದಿ ನಕ್ಕವರಲ್ಲಿ ನಾನೂ ಒಬ್ಬಳು, ಆಗ ನನ್ನ ಸರದಿ ಬಂದಿರಲಿಲ್ಲ.

ಇಂಗ್ಲೆಂಡಿನವರದ್ದು ಇನ್ನೂ ಉಂಟು. 2021ರಲ್ಲಿ ಟೆಸ್ಕೋ ಅಂತ ಸೂಪರ್ ಮಾರ್ಕೆಟಿನವರು ಸಾಂತಾಕ್ಲಾಸ್ ಗಡಿಯಲ್ಲಿ ಮೊಬೈಲ್ ತೆಗೆದು ಕೊರೋನಾ ಲಸಿಕೆ ಪಾಸ್ ತೋರಿಸಿ ದಾಟುವ ಹಾಗೆ ಮಾಡಿದರು. ಲಸಿಕೆ ಬೇಡ ಅನ್ನುವವರು ಕೆರಳಿದರು. ಜಾಹೀರಾತು ನೋಡಿಕೊಳ್ಳುವ ಅಲ್ಲಿನ ಸಂಸ್ಥೆಗೆ 5,000ಕ್ಕಿಂತ ಜಾಸ್ತಿ ದೂರು ಹೋಯಿತು. ಅವರು ನೋಡಿ, ತಪ್ಪೇನಿಲ್ಲ ಅಂದರು. ನನಗೆ ಇದರಲ್ಲಿ ಸಾಂತಾನ ಮೇಲೆ ಬರೀ ಹೊಟ್ಟೆಕಿಚ್ಚು. ಅದೇ ವರ್ಷ ಆಗಸ್ಟಿನಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿಯಲ್ಲಿ ನಮಗೆ ಎರಡು ಡೋಸ್ ಆಗಿದ್ದರೂ ಆರ್‌ಟಿಪಿಸಿಆರ್ ಇಲ್ಲದೆ ದಾಟಲು ಆಗುತ್ತಿರಲಿಲ್ಲ. ಅದರ ಹಿಂದಿನ ವರ್ಷ ರಸ್ತೆಗೆ ಮಣ್ಣೇ ಸುರಿದಿದ್ದರು, ಮಂಗಳೂರಿನ ಆಸ್ಪತ್ರೆಗೆ ಮುಟ್ಟಲಾಗದೆ ಜನ ಸತ್ತರು. ಸಾಂತಾ ಬರೀ ಮೊಬೈಲ್ ತೋರಿಸಿ ಹೋದನಂತೆ, ಪುಣ್ಯವಂತ.

ಒಂದು ಮಾತ್ರ ನನಗೆ ಇಷ್ಟ ಆಯಿತು. 2020ರಲ್ಲಿ ಅಲ್ಲಿನ ಇನ್ನೊಂದು ಸೂಪರ್ ಮಾರ್ಕೆಟ್ ಸೇನ್ಸ್‌ಬರೀಸ್‌ನವರ ಕ್ರಿಸ್‌ಮಸ್ ಜಾಹೀರಾತಿನಲ್ಲಿ ಒಂದು ಕರಿಯರ ಸಂಸಾರ. ಅಪ್ಪ ಮಗಳು ಫೋನಿನಲ್ಲಿ ಗ್ರೇವಿ ವಿಷಯ ಮಾತಾಡುವುದು, ಅಪ್ಪ ಹಾಡುವುದು, ಅಷ್ಟೇ. ಇದರಲ್ಲಿ ನಮ್ಮಂಥವರೇ ಇಲ್ಲ, ಇನ್ನು ಆ ಅಂಗಡಿಗೆ ಹೋಗುವುದಿಲ್ಲ ಅಂತ ಕೆಲವರು ಹೊರಟರು. ಆಗ ಏನಾಯಿತು ಅಂದರೆ, ಟೆಸ್ಕೋ, ಆಸ್ಡಾ, ಆಲ್ಡಿ, ಲಿಡ್ಲ್ ಎಲ್ಲ ಸೇರಿಕೊಂಡರು. ಗಿರಾಕಿಗೋಸ್ಕರ ವರ್ಷ ಇಡೀ ಒಬ್ಬರಿಗೊಬ್ಬರು ಜುಟ್ಟು ಹಿಡಿಯುವವರು! ನವೆಂಬರ್ 27ಕ್ಕೆ ಚಾನೆಲ್ ಫೋರ್‌ನಲ್ಲಿ ಒಂದರ ಹಿಂದೆ ಒಂದು ಜಾಹೀರಾತು ಹಾಕಿ, ಜನಾಂಗದ್ವೇಷಕ್ಕೆ ನಾವು ಎದುರು ಅಂದರು. ನಮ್ಮ ಪೇಟೆಯ ಆ ಫ್ಲೆಕ್ಸ್ ಹರಿದ ಮರುದಿನ ಆಚೆ ಈಚೆ ಅಂಗಡಿಯವರು ಏನು ಮಾಡಿದರು? ತಮ್ಮ ಬಾಗಿಲಲ್ಲಿ ತೂಗುಹಾಕಿದ್ದ ನಕ್ಷತ್ರ ಮೆಲ್ಲ ಒಳಗೆ ತೆಗೆದಿಟ್ಟರು. ದೀಪಾವಳಿಗೆ ಗೂಡುದೀಪ ತೂಗಿದ ಅದೇ ಕೊಕ್ಕೆ ಖಾಲಿ ನೇತಾಡುತ್ತಿತ್ತು.

ಹಾಗಂತ ಬಹಿಷ್ಕಾರವೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಗೆ ಸಿಟ್ಟು ಅಂದರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಎಣ್ಮಕಜೆ ಕಡೆ ಹೋದರೆ ಇವತ್ತಿಗೂ ಅದರಿಂದ ನರಳುವ ಮಕ್ಕಳನ್ನು ಕಾಣಬಹುದು. ಆ ತಾಯಂದಿರು ಮಕ್ಕಳನ್ನು ಎತ್ತಿಕೊಂಡೇ ತಿರುವನಂತಪುರಕ್ಕೆ ಹೋಗಿ ಸೆಕ್ರೆಟೇರಿಯೆಟ್ ಎದುರು ಕೂತರು. ತಮಗೆ ಏನು ಬೇಕು ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು. ಚಿಕಿತ್ಸೆ ಬೇಕು, ಪರಿಹಾರ ಬೇಕು, ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬೇಕು. ಯಾರ ಹತ್ತಿರ ಕೇಳಬೇಕು ಅಂತಲೂ ಗೊತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು, 2017ರಲ್ಲಿ ಒಬ್ಬೊಬ್ಬರಿಗೆ 5 ಲಕ್ಷ ಪರಿಹಾರ ಕೊಡಿ ಅಂತು. ಅದು ಸಿಟ್ಟು. ನಾನು ಬಸ್ ಸ್ಟ್ಯಾಂಡಿನಲ್ಲಿ ಮಾಡಿದ್ದು ಏನು? ಕನ್ನಡ ಬೇಕು ಅಂತ ನನಗಿದ್ದ ಆಸೆ ನಿಜ, ನ್ಯಾಯವೂ ಹೌದು. ಆದರೆ ರಸ್ತೆ ದಾಟಿ ಅಂಗಡಿಗೆ ಹತ್ತಿ ಕೇಳಲಿಲ್ಲ. ಇಪ್ಪತ್ತು ಹೆಜ್ಜೆ, ಜಾಸ್ತಿ ಅಂದರೆ.

ನಿಜ ಹೇಳಬೇಕೆಂದರೆ ನಾನು ಆ ಅಂಗಡಿಯಿಂದ ಅದುವರೆಗೆ ಒಂದು ಕರವಸ್ತ್ರವನ್ನೂ ಕೊಂಡವಳಲ್ಲ. ನಾನು ಬಿಟ್ಟದ್ದಾದರೂ ಏನು? ಇಂಥ ಕರೆಗಳಲ್ಲಿ ಹೆಬ್ಬೆರಳು ಒತ್ತುವವರಲ್ಲಿ ಅರ್ಧ ಜನ ನನ್ನ ಹಾಗೆಯೇ ಅಂತ ನನ್ನ ಗುಮಾನಿ. ಕಮೆಂಟಿನಲ್ಲಿ ಬಂದು ಬೈಯುವವರು ಬೈಯಿರಿ, ಆದರೆ ಮೊದಲು ಆ ಅಂಗಡಿಯ ಒಂದು ಬಿಲ್ಲು ತೋರಿಸಿ ಬೈಯಿರಿ.

ಆ ಹುಡುಗಿ ಜನವರಿಯಲ್ಲಿ ವಾಪಸ್ ಅದೇ ಅಂಗಡಿಗೆ ಹೋದಳು. ಈ ವರ್ಷ ಮತ್ತೆ ಫ್ಲೆಕ್ಸ್ ಬಂದಿದೆ. ಸಾಂತಾ ಇಲ್ಲ, ಹುಡುಗ ಇಲ್ಲ, ಬರೀ ಒಂದು ನಕ್ಷತ್ರ. ಕೆಳಗಡೆ, ಫೋನ್ ನಂಬರಿನ ಮೇಲೆ, ಸಣ್ಣ ಅಕ್ಷರದಲ್ಲಿ ಕನ್ನಡ: "ಕ್ರಿಸ್ಮಸ್ ಹಬ್ಬದ ಶುಭಾಷಯಗಳು". ಶಕಾರಕ್ಕೆ ಷಕಾರ. ಕೈ ತಾನಾಗಿಯೇ ಮೊಬೈಲಿಗೆ ಹೋಯಿತು, ಫೋಟೋ ತೆಗೆದೂ ಆಯಿತು. ಆಮೇಲೆ ರಸ್ತೆ ದಾಟಿದೆ.

"ನಾನು ಸರಿಯಾಗಿಯೇ ಬರೆದು ಕೊಟ್ಟಿದ್ದೆ ಅಕ್ಕ, ಪ್ರಿಂಟಿನವನು ಹಾಳು ಮಾಡಿದ್ದು" ಅಂದಳು. ಬಿಲ್ಲಿನ ಹಿಂದೆ ಇನ್ನೊಮ್ಮೆ ಬರೆದು ತೋರಿಸಿದಳು. ಸರಿಯಾಗಿತ್ತು. ಮುದಲಾಳಿ ಗಲ್ಲಾಪೆಟ್ಟಿಗೆಯಿಂದಲೇ, ಒಂದಕ್ಷರಕ್ಕೆ ಹೊಸ ಫ್ಲೆಕ್ಸಾ, ಸ್ಟಿಕ್ಕರ್ ಸಾಕಲ್ಲ ಅಂತ ಮಲಯಾಳದಲ್ಲಿ ಕೇಳಿದರು. ಸಾಕು ಅಂದೆ. ಬಾಯಮ್ಮನ ಮೊಮ್ಮಗಳ ಫ್ರಾಕಿಗೆ ಬೆಳ್ಳಿ ಲೇಸು ಅರ್ಧ ಮೀಟರು ಕಮ್ಮಿ ಬಿದ್ದಿತ್ತು. ಅಲ್ಲೇ ಕೇಳಿದೆ, ಇತ್ತು. ಮೂವತ್ತೈದು ರೂಪಾಯಿ. ಬಿಲ್ಲು ತೆಗೆದಿಟ್ಟುಕೊಂಡಿದ್ದೇನೆ.